‘ಸೆಗೇನ್‌ಲೆಗೇನ್ಯೆಕ್’: ಹಾಡುತ್ತಿದ್ದವರ ತಲೆಗೆ ಚೀಲ ಹಾಕಿದ್ದೇಕೆ?

ಪ್ರಶ್ನೆ: ಮಿಕ್ಲೋಶ್ ಯಾಂಚೊ ಅವರ ‘ಸೆಗೇನ್‌ಲೆಗೇನ್ಯೆಕ್’ ಎಂಬ ಹಂಗೇರಿಯನ್ ಚಿತ್ರವನ್ನು ಎರಡು ಸಲ ನೋಡಿದೆ. ‘ದಿ ರೌಂಡ್ ಅಪ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ಕೈದಿಗಳು ಯಾರು, ಹಿಡಿದವರು ಯಾರು, ಯಾರನ್ನು ಹುಡುಕುತ್ತಿದ್ದಾರೆ ಎಂಬುದೇ ಅರ್ಧ ಚಿತ್ರ ಕಳೆದರೂ ತಲೆಗೆ ಹತ್ತಲಿಲ್ಲ. ಕೊನೆಯಲ್ಲಿ ಎಲ್ಲರೂ ಖುಷಿಯಿಂದ ಹಾಡುತ್ತಿರುವಾಗ ಇದ್ದಕ್ಕಿದ್ದಂತೆ ತಲೆಗೆ ಚೀಲ ಹಾಕಿ ಸಿನಿಮಾ ಮುಗಿಸಿಬಿಡುತ್ತಾರೆ. ಇದು ನಿಜವಾಗಿ ನಡೆದದ್ದೇ? 1956ರ ಬುಡಾಪೆಸ್ಟ್ ಬಂಡಾಯದ ಬಗ್ಗೆ ಎಂದು ಎಲ್ಲರೂ ಬರೆಯುತ್ತಾರಲ್ಲ, ಅದು ಹೇಗೆ? ಮೂರನೇ ಸಲ ನೋಡುವುದಾದರೆ ಏನನ್ನು ಗಮನಿಸಬೇಕು?

ಉತ್ತರ: ಕೊನೆಯಿಂದಲೇ ಶುರು ಮಾಡುವುದು ಒಳ್ಳೆಯದು. ಈ ಚಿತ್ರವನ್ನು ಕಟ್ಟಿರುವುದೇ ಹಿಂದುಮುಂದಾಗಿ.

ಕಥೆ ನಡೆಯುವುದು 1869ರ ಹಂಗೇರಿಯಲ್ಲಿ. ಬಯಲಿನ ನಡುವಿನ ಆ ಕೋಟೆಯಂಥ ಆವರಣದಲ್ಲಿ ರೈತರು, ದನಗಾಹಿಗಳು, ಅಲೆಮಾರಿಗಳು ಎಲ್ಲರನ್ನೂ ತಂದು ತುಂಬಿದ್ದಾರೆ. ಅವರೊಳಗೆ ಎಲ್ಲೋ ರೋಝಾ ಶಾಂದೋರ್ ಎಂಬ ದರೋಡೆಕೋರ ನಾಯಕನ ಹಳೆಯ ಕುದುರೆ ಸವಾರರಿದ್ದಾರೆ. ಹಿಡಿದವರಿಗೆ ಅದು ಗೊತ್ತು, ಮುಖಗಳು ಮಾತ್ರ ಗೊತ್ತಿಲ್ಲ. ಇಡೀ ಚಿತ್ರದ ಸಮಸ್ಯೆ ಇಷ್ಟೇ. ಹೊಡೆದು ಬಡಿದು ಹೆಸರು ಹೇಳಿಸಬಹುದು, ಆದರೆ ಏಟು ತಾಳಲಾರದೆ ಹೇಳಿದ ಹೆಸರು ನಿಜವೋ ಸುಳ್ಳೋ ಯಾರು ಬಲ್ಲರು? ಹಾಗಾಗಿ ಬೇಕಾದವರು ತಾವಾಗಿಯೇ ನಡೆದು ಬಂದು ಒಂದು ಕಡೆ ನಿಲ್ಲುವಂತೆ ಮಾಡಬೇಕು.

ಕೊನೆಯ ಹತ್ತು ಹದಿನೈದು ನಿಮಿಷದಲ್ಲಿ ಆಗುವುದು ಅದೇ. ತೊರ್ಮಾ ಎಂಬ ಕೈದಿಗೆ ಒಂದು ಅವಕಾಶ ಕೊಡುತ್ತಾರೆ: ಸೈನ್ಯಕ್ಕೆ ಅಶ್ವದಳ ಬೇಕಾಗಿದೆ, ಹಳೆಯ ದರೋಡೆಕೋರರಿಂದಲೇ ಒಂದು ತುಕಡಿ ಕಟ್ಟಬಹುದು. ಅವನು ಯಾರನ್ನು ಸೇರಿಸಿಕೊಳ್ಳುತ್ತಾನೆ? ಕುದುರೆಯ ಮೇಲೆ ಕೂರಬಲ್ಲವರನ್ನು, ತಾನು ನಂಬುವವರನ್ನು. ಅಂದರೆ ತನ್ನ ಹಳೆಯ ಜೊತೆಗಾರರನ್ನು. ಆಮೇಲೆ ಅಧಿಕಾರಿ ಪತ್ರ ಓದುತ್ತಾನೆ. ರೋಝಾ ಶಾಂದೋರನಿಗೆ ಆಸ್ಟ್ರಿಯಾದ ಚಕ್ರವರ್ತಿಯ ಕ್ಷಮಾದಾನ ಸಿಕ್ಕಿದೆ. ನಾಯಕ ಬದುಕಿದ ಸಂತೋಷಕ್ಕೆ ಗುಂಪು 1848ರ ಕ್ರಾಂತಿಯ ನಾಯಕ ಕೊಶುತ್‌ನ ಹಾಡು ಎತ್ತಿಕೊಳ್ಳುತ್ತದೆ. ಆ ಹಾಡೇ ತಪ್ಪೊಪ್ಪಿಗೆ. ಪತ್ರದಲ್ಲಿ ಇನ್ನೊಂದು ವಾಕ್ಯ ಬಾಕಿಯಿತ್ತು: ಅವನ ಕೈಕೆಳಗೆ ಹೋರಾಡಿದವರಿಗೆ ಮಾತ್ರ ಕಾನೂನಿನ ಪ್ರಕಾರ ಶಿಕ್ಷೆ. ಚೀಲಗಳು ಬೀಳುತ್ತವೆ. ನಿಮಗೆ ‘ಇದ್ದಕ್ಕಿದ್ದಂತೆ’ ಎನ್ನಿಸಿದ್ದು ಸಹಜ. ಆ ಕ್ಷಣದವರೆಗೆ ನೀವೂ ಕೈದಿಗಳಷ್ಟೇ ತಿಳಿದಿದ್ದಿರಿ.

ಈಗ ಯಾರು ಯಾರು ಎಂಬ ಗೊಂದಲ. ಅದರಲ್ಲಿ ಅರ್ಧ ನಿಮ್ಮ ತಪ್ಪಲ್ಲ. ಹಂಗೇರಿಯನ್ನರು ಮನೆತನದ ಹೆಸರನ್ನು ಮೊದಲು, ಸ್ವಂತ ಹೆಸರನ್ನು ನಂತರ ಹೇಳುತ್ತಾರೆ. ರೋಝಾ ಮನೆತನ, ಶಾಂದೋರ್ ಆಸಾಮಿ. ಸಬ್‌ಟೈಟಲ್‌ಗಳು ಒಮ್ಮೆ ‘ರೋಝಾ’ ಎಂದು, ಒಮ್ಮೆ ‘ಶಾಂದೋರ್’ ಎಂದು ಹಾಕಿದಾಗ ಇಬ್ಬರೆಂದು ಭಾವಿಸಿದವರುಂಟು. ಅದಕ್ಕಿಂತ ಮುಖ್ಯವಾದದ್ದು: ರೋಝಾ ಶಾಂದೋರ್ ಚಿತ್ರದಲ್ಲಿ ಒಂದು ಕ್ಷಣವೂ ಕಾಣಿಸಿಕೊಳ್ಳುವುದಿಲ್ಲ. ಅವನು ಕೈದಿಗಳ ನಡುವೆ ಇದ್ದಾನೋ ಎಂದು ಕಾಯುತ್ತ ಕುಳಿತರೆ ಚಿತ್ರ ಕೈ ತಪ್ಪುತ್ತದೆ. ‘ಸೆಗೇನ್‌ಲೆಗೇನ್’ ಎಂದರೆ ಅಕ್ಷರಶಃ ‘ಬಡ ಹುಡುಗ’. ಬಯಲುಸೀಮೆಯ ದರೋಡೆಕೋರನಿಗೆ ಜನ ಕರುಣೆ ಬೆರೆಸಿ ಇಟ್ಟ ಹೆಸರದು. ಸರ್ಕಾರದ ಕಾಗದದಲ್ಲಿ ಅವನೇ ‘ಬೆತ್ಯಾರ್’, ದಾರಿಗಳ್ಳ. ‘ರೌಂಡ್ ಅಪ್’ ಎಂಬ ಇಂಗ್ಲಿಷ್ ಹೆಸರು ಹಿಡಿಯುವವರ ಕಡೆಯಿಂದ ನೋಡುತ್ತದೆ, ಮೂಲ ಹೆಸರು ಸಿಕ್ಕಿಬಿದ್ದವರ ಕಡೆಯಿಂದ. ಫ್ರೆಂಚರೂ ಜರ್ಮನರೂ ‘ಭರವಸೆ ಇಲ್ಲದವರು’ ಎಂಬರ್ಥದ ಹೆಸರಿಟ್ಟರು. ಮೂರರಲ್ಲಿ ಮೂಲವೇ ವಾಸಿ.

ನೆನಪಿಡಬೇಕಾದ ಮುಖಗಳು ಐದೇ. ಗಾಯ್‌ದಾರ್ ಯಾನೋಶ್: ಗೊರ್ಬೆ ಯಾನೋಶ್ ಎಂಬ ನಟ, ಸುಕ್ಕುಗಟ್ಟಿದ ಮುಖ, ಯಾವಾಗಲೂ ಅರ್ಧ ಬಾಗಿದ ಮೈ. ವೆಸೆಲ್ಕಾ ಇಮ್ರೆ: ಲಾತಿನೋವಿಚ್ ಜೋಲ್ತಾನ್, ಆ ಕಾಲದ ಹಂಗೇರಿಯ ಅತಿ ದೊಡ್ಡ ನಟರಲ್ಲೊಬ್ಬ. ಕಬಾಯಿ ಅಪ್ಪ ಮತ್ತು ಕಬಾಯಿ ಮಗ: ಮೊಲ್ನಾರ್ ತಿಬೋರ್ ಮತ್ತು ಕೊಜಾಕ್ ಅಂದ್ರಾಶ್. ಐದನೆಯವನು ಆಗಾರ್ದಿ ಗಾಬೋರ್ ಮಾಡಿದ ತೊರ್ಮಾ. ವಿಚಾರಣೆ ಮಾಡುವವರ ಹೆಸರು ನೆನಪಿಡಬೇಕಿಲ್ಲ, ಅವರಿಗೆ ಹೆಸರೇ ಇಲ್ಲ. ಪಾತ್ರಪಟ್ಟಿಯಲ್ಲಿ ಅವಾರ್ ಇಶ್ತ್ವಾನ್ ಮತ್ತು ಓಜೆ ಲಾಯೋಶ್ ಎಂಬ ಇಬ್ಬರು ಪ್ರಸಿದ್ಧ ನಟರ ಎದುರು ‘ವಿಚಾರಣೆಗಾರ’ ಎಂದಷ್ಟೇ ಇದೆ. ಕಥಾನಾಯಕನನ್ನು ಹುಡುಕುವುದು ನಾವೆಲ್ಲ ಸಿನಿಮಾ ನೋಡುವಾಗ ತಾನಾಗಿ ಮಾಡುವ ಕೆಲಸ. ಇಲ್ಲಿ ಅದು ಫಲಿಸುವುದಿಲ್ಲ. ಒಬ್ಬನ ಮೇಲೆ ಕಣ್ಣು ನೆಟ್ಟ ಹೊತ್ತಿಗೆ ಅವನು ಸತ್ತಿರುತ್ತಾನೆ, ಕಥೆ ಇನ್ನೊಬ್ಬನ ಹೆಗಲೇರಿರುತ್ತದೆ. ಪಾತ್ರವನ್ನು ಬಿಟ್ಟು ಬಲೆಯನ್ನು ಹಿಂಬಾಲಿಸಿ. ಯಾವ ಗಂಟಿನಿಂದ ಯಾವ ಗಂಟಿಗೆ ಹೋಗುತ್ತದೆ ಎಂಬುದು ಆಗ ತಿಳಿಯುತ್ತದೆ.

ಬಲೆಯ ಮೊದಲ ದೊಡ್ಡ ಗಂಟು ಗಾಯ್‌ದಾರ್. ಒಬ್ಬ ಮುದುಕಿ ಅವನನ್ನು ಕೊಲೆಗಾರನೆಂದು ಗುರುತಿಸುತ್ತಾಳೆ. ನೇಣು ಖಚಿತವಾಯಿತು ಎನ್ನುವಾಗ ಒಂದು ಷರತ್ತು ಮುಂದಿಡುತ್ತಾರೆ: ನಿನಗಿಂತ ಹೆಚ್ಚು ಜನರನ್ನು ಕೊಂದವನನ್ನು ತೋರಿಸು, ನಿನ್ನನ್ನು ಬಿಡುತ್ತೇವೆ. ಈ ಒಂದು ವಾಕ್ಯದ ಕುತಂತ್ರವನ್ನು ಬಿಡಿಸಿ ನೋಡುವುದು ಒಳ್ಳೆಯದು. ಷರತ್ತು ಒಪ್ಪಿದ ಕೂಡಲೇ ಅವನು ತನ್ನ ಕೊಲೆಗಳನ್ನು ಒಪ್ಪಿಕೊಂಡಂತಾಯಿತು. ಲೆಕ್ಕದ ಸ್ಪರ್ಧೆಯಾದ್ದರಿಂದ ಒಂದು ಹೆಸರು ಸಾಲದು, ಎದುರಾಳಿಯ ಲೆಕ್ಕ ತನ್ನದಕ್ಕಿಂತ ದೊಡ್ಡದೆಂದು ಸಾಬೀತಾಗುವವರೆಗೆ ಹೆಸರು ಕೊಡುತ್ತಲೇ ಇರಬೇಕು. ಲೆಕ್ಕ ಒಪ್ಪುವವರು ಯಾರು? ಹಿಡಿದವರೇ. ಮೇಲಾಗಿ ಇದನ್ನೆಲ್ಲ ಅವನು ಮುಚ್ಚಿದ ಕೋಣೆಯಲ್ಲಿ ಮಾಡುವಂತಿಲ್ಲ. ಕೈದಿಗಳ ಸಾಲಿನ ಮುಂದೆ, ಎಲ್ಲರ ಕಣ್ಣೆದುರು ಓಡಾಡಿ ಬೆರಳು ತೋರಿಸಬೇಕು. ಒಂದೇ ದಿನದಲ್ಲಿ ಅವನು ಎರಡೂ ಕಡೆಗೆ ಬೇಡವಾದವನಾಗುತ್ತಾನೆ. ರಾತ್ರಿ ತನ್ನನ್ನು ಒಂಟಿ ಕೋಣೆಗೆ ಹಾಕಿದರೆ ಸಾಕೆಂಬ ಸ್ಥಿತಿಗೆ ಬರುತ್ತಾನೆ.

ನಮ್ಮಲ್ಲಿ ಇಂಥವನನ್ನು ಮಾಫಿ ಸಾಕ್ಷಿ ಎನ್ನುತ್ತೇವೆ. ಆದರೆ ಒಂದು ವ್ಯತ್ಯಾಸವಿದೆ. ಭಾರತದ ಕಾನೂನಿನಲ್ಲಿ ಕ್ಷಮೆಯ ಷರತ್ತು ತನಗೆ ತಿಳಿದದ್ದನ್ನು ಪೂರ್ತಿಯಾಗಿ, ನಿಜವಾಗಿ ಹೇಳುವುದು. ಜೊತೆಗಾರನ ಮಾತನ್ನು ಬೇರೆ ಪುರಾವೆಯ ಬೆಂಬಲವಿಲ್ಲದೆ ನಂಬಬಾರದೆಂಬ ಎಚ್ಚರವನ್ನೂ ನ್ಯಾಯಾಲಯಗಳು ಇಟ್ಟುಕೊಳ್ಳುತ್ತವೆ. ಗಾಯ್‌ದಾರ್‌ನಿಂದ ಯಾರೂ ಸತ್ಯ ಕೇಳುವುದಿಲ್ಲ. ತನಗಿಂತ ಕೆಟ್ಟವನೊಬ್ಬನನ್ನು ಕೇಳುತ್ತಾರೆ. ಅಂಥ ಬೇಡಿಕೆಗೆ ಸುಳ್ಳೂ ಸಲ್ಲುತ್ತದೆ.

ಒಂದು ರಾತ್ರಿ ಸಹಕೈದಿಗಳು ಗಾಯ್‌ದಾರ್‌ನನ್ನು ಮುಗಿಸುತ್ತಾರೆ. ಸೋತವರ ಪ್ರತೀಕಾರ ಎಂದು ನಮಗೆ ಒಳಗೊಳಗೇ ಸಮಾಧಾನವಾಗುವ ಹೊತ್ತು ಅದು. ಅಲ್ಲೇ ಎರಡನೇ ಗಂಟು ಬೀಳುತ್ತದೆ. ಆ ರಾತ್ರಿ ಬೀಗ ಹಾಕದೆ ಬಿಟ್ಟಿದ್ದ ಕೋಣೆಗಳು ಕೆಲವೇ. ಕೊಂದವರು ಆ ಕೋಣೆಗಳಲ್ಲೇ ಇರಬೇಕು. ದ್ರೋಹಿಯನ್ನು ಕೊಲ್ಲುವಷ್ಟು ಒಗ್ಗಟ್ಟೂ ಧೈರ್ಯವೂ ಇರುವವರು ರೋಝಾನ ಗುಂಪಿನವರೇ ಆಗಿರಬೇಕು. ನೂರಾರು ಜನರ ರಾಶಿ ಬೆರಳೆಣಿಕೆಗೆ ಇಳಿಯಿತು. ಬೀಗ ಮರೆತದ್ದೋ ಬೇಕೆಂದೇ ಬಿಟ್ಟದ್ದೋ ಚಿತ್ರ ಹೇಳುವುದಿಲ್ಲ. ಅಷ್ಟು ಹೊತ್ತಿಗೆ ಆ ಆವರಣದ ರೀತಿನೀತಿ ಕಂಡವರಿಗೆ ಹೇಳಬೇಕಾದ ಅಗತ್ಯವೂ ಇಲ್ಲ.

ಮೂರನೇ ಗಂಟಿನಲ್ಲಿ ಕಬಾಯಿ ಅಪ್ಪ ಮಗ ಇದ್ದಾರೆ. ಅವರನ್ನು ಬೇರೆ ಬೇರೆ ಮಾಡಿ ಒಬ್ಬನ ಪ್ರಾಣವನ್ನು ಇನ್ನೊಬ್ಬನ ನಾಲಗೆಗೆ ಕಟ್ಟುತ್ತಾರೆ. ಅಲ್ಲಿಂದ ತೊರ್ಮಾ, ತೊರ್ಮಾನಿಂದ ಅಶ್ವದಳ, ಅಶ್ವದಳದಿಂದ ಹಾಡು. ಗಮನಿಸಿ, ಪ್ರತಿ ಹಂತದಲ್ಲೂ ಹಿಡಿದವರು ಬಳಸಿಕೊಳ್ಳುವುದು ಕೈದಿಗಳ ದೌರ್ಬಲ್ಯವನ್ನಷ್ಟೇ ಅಲ್ಲ. ಗಾಯ್‌ದಾರ್‌ನಲ್ಲಿ ಬದುಕುವ ಆಸೆ, ಅವನ ಕೊಲೆಗಾರರಲ್ಲಿ ಒಗ್ಗಟ್ಟು, ಕಬಾಯಿಗಳಲ್ಲಿ ಕರುಳಸಂಬಂಧ, ತೊರ್ಮಾನಲ್ಲಿ ಸವಾರನ ಹೆಮ್ಮೆ ಮತ್ತು ಸ್ನೇಹ, ಕೊನೆಗೆ ಇಡೀ ಗುಂಪಿನಲ್ಲಿ ನಾಯಕನಿಷ್ಠೆ. ಕೆಳಗಿನಿಂದ ಮೇಲಕ್ಕೆ ಗುಣಗಳು ಉದಾತ್ತವಾಗುತ್ತ ಹೋಗುತ್ತವೆ, ಉರುಳು ಬಿಗಿಯಾಗುತ್ತ ಹೋಗುತ್ತದೆ. ಸೆರೆಮನೆಯ ಚಿತ್ರಗಳು ಸಾಮಾನ್ಯವಾಗಿ ಹೇಡಿ ಹಾಳಾಗುತ್ತಾನೆ, ಧೀರ ಉಳಿಯುತ್ತಾನೆ ಎಂಬ ಜಾಡಿನಲ್ಲಿ ಸಾಗುತ್ತವೆ. ಈ ಚಿತ್ರ ಧೀರರನ್ನು ಹಾಡಿಸಿಯೇ ಹಿಡಿಯುತ್ತದೆ. ಅರವತ್ತು ವರ್ಷವಾದರೂ ಚಿತ್ರ ಹಳೆಯದಾಗಿಲ್ಲವೆಂದರೆ ಕಾರಣ ಇದು.

ಹಿಂಸೆ ಇಲ್ಲವೆಂದಲ್ಲ. ಒಬ್ಬ ಹೆಂಗಸನ್ನು ಬೆತ್ತಲೆಯಾಗಿಸಿ, ಎರಡು ಸಾಲು ಸೈನಿಕರ ನಡುವೆ ಓಡಿಸಿ ಬಡಿಯುವ ದೃಶ್ಯವನ್ನು ನೀವು ಮರೆತಿರಲಾರಿರಿ. ಕ್ಯಾಮೆರಾ ದೂರ ನಿಲ್ಲುತ್ತದೆ, ಅವಳ ಮುಖವನ್ನು ದೊಡ್ಡದಾಗಿ ತೋರಿಸುವುದಿಲ್ಲ. ಏಕೆಂದರೆ ಆ ಶಿಕ್ಷೆಯ ಗುರಿ ಅವಳಲ್ಲ. ಚಾವಣಿಯ ಮೇಲೆ ನಿಲ್ಲಿಸಿ ನೋಡಿಸುತ್ತಿರುವ ಗಂಡಸರು ಅದರ ಗುರಿ. ಅವರಲ್ಲಿ ಕೆಲವರು ತಡೆಯಲಾರದೆ ಕೆಳಕ್ಕೆ ಹಾರಿ ಸಾಯುತ್ತಾರೆ. ಮೂರನೇ ಸಲ ನೋಡುವಾಗ ಹೆಂಗಸಿನ ಮೇಲಿಂದ ಕಣ್ಣು ತೆಗೆದು ಚಾವಣಿಯ ಅಂಚನ್ನು ನೋಡಿ.

ಇತಿಹಾಸದ ಮಾತಿಗೆ ಬರೋಣ. ಇಲ್ಲಿ ಬಹಳ ವಿಮರ್ಶೆಗಳು ಎಡವುತ್ತವೆ. ‘1848ರ ಕ್ರಾಂತಿಯನ್ನು ಆಸ್ಟ್ರಿಯನ್ನರು ಹೊಸಕಿಹಾಕಿದ ಕಥೆ’ ಎಂದು ಬರೆದಿದ್ದರೆ ಅರ್ಧ ಸತ್ಯ. ಕೊಶುತ್ ಲಾಯೋಶ್ ನೇತೃತ್ವದ ಸ್ವಾತಂತ್ರ್ಯ ಯುದ್ಧ 1849ರ ಆಗಸ್ಟ್‌ನಲ್ಲಿ ವಿಲಾಗೋಶ್ ಬಳಿಯ ಶರಣಾಗತಿಯೊಂದಿಗೆ ಮುಗಿಯಿತು. ಅದೇ ವರ್ಷ ಅಕ್ಟೋಬರ್ 6ರಂದು ಅರಾದ್‌ನಲ್ಲಿ 13 ಸೇನಾಧಿಪತಿಗಳನ್ನು ಕೊಂದರು. ಅದು ಆಸ್ಟ್ರಿಯನ್ ಪ್ರತೀಕಾರ. ಚಿತ್ರದ ಕಥೆ ನಡೆಯುವುದು 20 ವರ್ಷ ಕಳೆದ ಮೇಲೆ, 1869ರಲ್ಲಿ. ನಡುವೆ 1867ರ ಒಡಂಬಡಿಕೆ ಬಂದಿದೆ, ಆಸ್ಟ್ರಿಯಾ-ಹಂಗೇರಿ ಎಂಬ ಜೋಡಿ ರಾಜ್ಯ ಹುಟ್ಟಿದೆ, ಹಂಗೇರಿಯಲ್ಲಿ ಹಂಗೇರಿಯನ್ನರದೇ ಸರ್ಕಾರವಿದೆ. ದರೋಡೆ ಹತ್ತಿಕ್ಕಲು ರಾದಾಯ್ ಗೆದೆಯೋನ್ ಎಂಬ ಕೌಂಟನನ್ನು ವಿಶೇಷ ಕಮಿಷನರನಾಗಿ ಸೆಗೆದ್ ನಗರಕ್ಕೆ ಕಳಿಸಿದ್ದು ಆ ಸರ್ಕಾರವೇ. ಚಿತ್ರದಲ್ಲಿ ವಿಚಾರಣೆ ನಡೆಸುವವರೂ ಹಂಗೇರಿಯನ್ ಮಾತಾಡುವವರೇ. ಹೊರಗಿನವನು ಬಂದು ಹಿಂಸಿಸಿದ ಎಂದು ಓದಿಕೊಂಡರೆ ಚಿತ್ರದ ಮೊನೆಯೇ ಮುರಿದುಹೋಗುತ್ತದೆ.

ನಿಜವಾದ ರೋಝಾ ಶಾಂದೋರ್ ಹುಟ್ಟಿದ್ದು 1813ರಲ್ಲಿ, ಸೆಗೆದ್ ಸೀಮೆಯವನು. 1848ರಲ್ಲಿ ಕೊಶುತ್ ಸರ್ಕಾರ ಅವನಿಗೆ ಕ್ಷಮಾದಾನ ಕೊಟ್ಟಾಗ ಸುಮಾರು 150 ಕುದುರೆ ಸವಾರರ ಸ್ವತಂತ್ರ ತುಕಡಿ ಕಟ್ಟಿ ದಕ್ಷಿಣದಲ್ಲಿ ಹೋರಾಡಿದ. ಆ ತುಕಡಿ ಶಿಸ್ತಿಗೆ ಬಗ್ಗಲಿಲ್ಲ, ಎಜೆರೆಶ್ ಎಂಬ ರುಮೇನಿಯನ್ನರ ಹಳ್ಳಿಯಲ್ಲಿ ಲೂಟಿ, ಕೊಲೆ ಮಾಡಿತು. ಕೊನೆಗೆ ಸರ್ಕಾರವೇ ಅದನ್ನು ವಿಸರ್ಜಿಸಿತು. ಜನಪದ ಹಾಡುಗಳು ಈ ಭಾಗ ಬಂದಾಗ ಮೌನ ವಹಿಸುತ್ತವೆ. 1857ರಲ್ಲಿ ಅವನನ್ನು ಹಿಡಿದರು. ಮರಣದಂಡನೆ ಜೀವಾವಧಿಗೆ ಇಳಿಯಿತು, ಕುಫ್‌ಸ್ಟೈನ್ ಕೋಟೆಯ ಸೆರೆ ಸೇರಿದ. 1868ರಲ್ಲಿ ಕ್ಷಮಾದಾನ ಸಿಕ್ಕಿ ಹೊರಬಂದ, ಕೆಲವೇ ತಿಂಗಳಲ್ಲಿ ರೈಲು ದರೋಡೆಗೆ ಕೈಹಾಕಿದ. 1869ರ ಜನವರಿಯಲ್ಲಿ ರಾದಾಯ್ ಅವನನ್ನು ಮಾತುಕತೆಯ ನೆಪದಲ್ಲಿ ಸೆಗೆದ್ ಕೋಟೆಗೆ ಕರೆಸಿ ಹಿಡಿದುಹಾಕಿದ. ಈ ಸಲವೂ ಕೊನೆಗೆ ಜೀವಾವಧಿ ಸೆರೆ. 1878ರಲ್ಲಿ ಸಮೋಶ್‌ಉಯ್‌ವಾರ್ ಸೆರೆಮನೆಯಲ್ಲಿ ಕ್ಷಯದಿಂದ ಸತ್ತ. ಆ ಊರು ಈಗ ರುಮೇನಿಯಾದಲ್ಲಿದೆ, ಗೆರ್ಲಾ ಎಂದು ಹೆಸರು.

ಹೀಗಾಗಿ ನಿಮ್ಮ ‘ನಿಜವಾಗಿ ನಡೆದದ್ದೇ’ ಎಂಬುದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ರಾದಾಯ್ ಇದ್ದ, ಸಾಮೂಹಿಕ ಬಂಧನ ಇತ್ತು, ಮೋಸದಿಂದ ಹಿಡಿಯುವುದೂ ಇತ್ತು. ಆದರೆ ನಿಜದ ಸೆರೆ ಇದ್ದದ್ದು ತಿಸಾ ನದಿಯ ದಂಡೆಯ ಊರಿನೊಳಗಿನ ಕೋಟೆಯಲ್ಲಿ. 1879ರ ಮಹಾಪ್ರವಾಹ ಸೆಗೆದ್ ನಗರವನ್ನು ಕೊಚ್ಚಿದ ಮೇಲೆ, ಊರನ್ನು ಹೊಸದಾಗಿ ಕಟ್ಟುವಾಗ ಆ ಕೋಟೆಯ ಬಹುಭಾಗವನ್ನು ಕೆಡವಿಬಿಟ್ಟರು. ಚಿತ್ರದ ಬಯಲು ಆವರಣ ಯಾಂಚೊ ಮತ್ತು ಚಿತ್ರಕಥೆ ಬರೆದ ಹೆರ್ನಾದಿ ದ್ಯುಲಾ ಅವರ ಕಲ್ಪನೆ. ಕ್ಷಮಾದಾನದ ಕ್ರಮವನ್ನೂ ತಿರುಗಿಸಿದ್ದಾರೆ. ಚರಿತ್ರೆಯಲ್ಲಿ ಮೊದಲು ಕ್ಷಮೆ, ಆಮೇಲೆ ಬಂಧನ. ಚಿತ್ರದಲ್ಲಿ ಕ್ಷಮೆ ಕೊನೆಗೆ ಬರುತ್ತದೆ, ಬೇರೆಯವರನ್ನು ಹಿಡಿಯುವ ಗಾಳವಾಗಿ. ಇನ್ನೊಂದು ದೊಡ್ಡ ಬದಲಾವಣೆ: ರಾದಾಯ್ ಕಾಲದ ಮೊಕದ್ದಮೆಗಳ ಆರೋಪ ದರೋಡೆ ಮತ್ತು ಕೊಲೆ. ಕಳ್ಳರ ಜೊತೆ ಕೈಜೋಡಿಸಿದ್ದ ಜಿಲ್ಲಾ ಅಧಿಕಾರಿಗಳೂ ಆಗ ಸಿಕ್ಕಿಬಿದ್ದರು. ಚಿತ್ರದಲ್ಲಿ ಕೊಶುತ್‌ನ ನೆನಪೇ ಅಪರಾಧದಂತೆ ಕಾಣುತ್ತದೆ. ಇದು ಚರಿತ್ರೆಗೆ ಮಾಡಿದ ಅನ್ಯಾಯ ಎಂದು ದೂರುವವರಿಗೆ ಆಧಾರವಿದೆ. ಆದರೂ ಗಾಯ್‌ದಾರ್ ನಿಜಕ್ಕೂ ಕೊಲೆಗಾರ ಎಂಬುದನ್ನು ಚಿತ್ರ ಮುಚ್ಚಿಡುವುದಿಲ್ಲ. ಅಮಾಯಕರ ಮೇಲಿನ ದೌರ್ಜನ್ಯ ತೋರಿಸಿ ಕಣ್ಣೀರು ತರಿಸುವುದು ಸುಲಭ. ತಪ್ಪಿತಸ್ಥನಿಗೂ ಅನ್ಯಾಯವಾಗಬಹುದೆಂದು ತೋರಿಸುವುದು ಕಷ್ಟ.

1956ರ ನಂಟು ಎಲ್ಲಿಂದ ಬಂತು? ಚಿತ್ರ ಹಂಗೇರಿಯಲ್ಲಿ ತೆರೆ ಕಂಡದ್ದು 1966ರ ಜನವರಿಯಲ್ಲಿ. ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟ್ ಬಂಡಾಯವನ್ನು ತುಳಿದು ಹತ್ತು ವರ್ಷ ಕೂಡ ಆಗಿರಲಿಲ್ಲ. ಸುಮಾರು 2 ಲಕ್ಷ ಜನ ದೇಶ ಬಿಟ್ಟಿದ್ದರು. ಪ್ರೇಕ್ಷಕರಿಗೆ ‘ಸೋತ ಕ್ರಾಂತಿ, ಆಮೇಲಿನ ವಿಚಾರಣೆ’ ಎಂದರೆ ಸಾಕಿತ್ತು, ಉಳಿದದ್ದು ತಾನಾಗಿ ತಿಳಿಯುತ್ತಿತ್ತು. ಆದರೆ ಸಾಮ್ಯ ಅಷ್ಟಕ್ಕೇ ನಿಂತಿದ್ದರೆ ಅದು ಸಾಧಾರಣ ರೂಪಕವಾಗುತ್ತಿತ್ತು. ಕೊನೆಯ ದೃಶ್ಯದ ಆ ಎರಡನೇ ವಾಕ್ಯವನ್ನು ನೆನೆಸಿಕೊಂಡು 1956ರ ನವೆಂಬರ್ ತಿಂಗಳನ್ನು ನೋಡಿ. ರಕ್ಷಣಾ ಮಂತ್ರಿ ಮಾಲೇತೆರ್ ಪಾಲ್ ಸೋವಿಯತ್ ಸೇನೆಯೊಂದಿಗೆ ಮಾತುಕತೆಗೆಂದು ತೊಕೊಲ್ ನೆಲೆಗೆ ಹೋದರು, ನವೆಂಬರ್ 3ರ ರಾತ್ರಿ ಮಾತುಕತೆಯ ಮೇಜಿನಲ್ಲೇ ಬಂಧಿಸಿದರು. ಪ್ರಧಾನಿ ನಾದ್ಯ್ ಇಮ್ರೆ ಯುಗೊಸ್ಲಾವ್ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದಿದ್ದರು. ಹೊರಬಂದರೆ ಏನೂ ಮಾಡುವುದಿಲ್ಲವೆಂದು ಸೋವಿಯತ್ ಬೆಂಬಲದಿಂದ ಅಧಿಕಾರಕ್ಕೆ ಬಂದಿದ್ದ ಕಾದಾರ್ ಸರ್ಕಾರ ಲಿಖಿತ ಭರವಸೆ ಕೊಟ್ಟಿತು. ನವೆಂಬರ್ 22ರಂದು ಹೊರಗೆ ಬಂದು ಬಸ್ಸು ಹತ್ತಿದರು, ಸೋವಿಯತ್ ಪಡೆ ಹಿಡಿದುಕೊಂಡು ಹೋಯಿತು. 1958ರ ಜೂನ್ 16ರಂದು ಇಬ್ಬರನ್ನೂ ಗಲ್ಲಿಗೇರಿಸಿದರು. ಮಾತು ಕೊಟ್ಟು ಹಿಡಿಯುವ ವಿದ್ಯೆ 1869ರ ಸೆಗೆದ್‌ನಲ್ಲೂ ಇತ್ತು, 1956ರ ಬುಡಾಪೆಸ್ಟ್‌ನಲ್ಲೂ ಇತ್ತು. 1963ರಲ್ಲಿ ಕಾದಾರ್ ಸರ್ಕಾರ ಸಾಮೂಹಿಕ ಕ್ಷಮಾದಾನ ಘೋಷಿಸಿತ್ತು. ಕ್ಷಮೆಯ ಪತ್ರ ಓದುವ ದೃಶ್ಯವನ್ನು ಆ ಪ್ರೇಕ್ಷಕರು ಯಾವ ಕಿವಿಯಿಂದ ಕೇಳಿಸಿಕೊಂಡಿರಬಹುದು ಎಂದು ಊಹಿಸಿಕೊಳ್ಳಿ.

ಚಿತ್ರಕ್ಕೂ ಇತ್ತೀಚಿನ ಘಟನೆಗಳಿಗೂ ಸಂಬಂಧವಿಲ್ಲವೆಂದು ಯಾಂಚೊ ಬಹಿರಂಗವಾಗಿ ಹೇಳಬೇಕಾಯಿತು. ಹೇಳಿದರು. ನಂಬಿದವರು ಕಡಿಮೆ. 1 ಕೋಟಿ ಜನಸಂಖ್ಯೆಯ ದೇಶದಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ನೋಡಿದರು, 1966ರ ಕಾನ್ ಉತ್ಸವದ ಸ್ಪರ್ಧೆಗೂ ಚಿತ್ರ ಹೋಯಿತು. ಇಷ್ಟು ನಿಧಾನದ, ಇಷ್ಟು ಕಡಿಮೆ ಮಾತಿನ ಕಪ್ಪು-ಬಿಳುಪು ಚಿತ್ರಕ್ಕೆ ಆ ಸಂಖ್ಯೆ ಬರೀ ಕಲಾಪ್ರೇಮದಿಂದ ಬಂದದ್ದಲ್ಲ.

ಇನ್ನು ನೋಡುವ ವಿಧಾನ. ಮೊದಲು ನಿಮ್ಮ ಪ್ರತಿ ಸರಿಯಿದೆಯೇ ನೋಡಿಕೊಳ್ಳಿ. ಚಿತ್ರ ತೆಗೆದದ್ದು ಆಗಾಸ್ಕೋಪ್ ಎಂಬ ಹಂಗೇರಿಯದೇ ಅಗಲಪರದೆ ಪದ್ಧತಿಯಲ್ಲಿ. ಎತ್ತರ 1 ಇದ್ದರೆ ಅಗಲ 2.35. ಈಗಿನ ಟಿವಿಯಲ್ಲಿ ಹಾಕಿದರೆ ಮೇಲೆ, ಕೆಳಗೆ ತಲಾ ಎಂಟನೇ ಒಂದು ಭಾಗದಷ್ಟು ಕಪ್ಪು ಪಟ್ಟಿ ಬರಲೇಬೇಕು. ಪರದೆ ಪೂರ್ತಿ ತುಂಬಿದ್ದರೆ ಎರಡು ಪಕ್ಕದಿಂದ ಒಟ್ಟು ಸುಮಾರು ಶೇ 24ರಷ್ಟು ಚಿತ್ರ ಕತ್ತರಿಸಿಹೋಗಿದೆ. ಹಳೆಯ ಚೌಕ ಟಿವಿಗೆಂದು ಮಾಡಿದ ಪ್ರತಿಯಾದರೆ ಹೋದದ್ದು ಶೇ 43. ಬೇರೆ ಚಿತ್ರಗಳಲ್ಲಿ ಇದು ಅಂದ ಕೆಡಿಸುತ್ತದೆ ಅಷ್ಟೇ, ಇಲ್ಲಿ ಕಥೆಯನ್ನೇ ಕೆಡಿಸುತ್ತದೆ. ಚೌಕಟ್ಟಿನ ಎಡತುದಿಯಲ್ಲಿ ಒಬ್ಬ ನಿಂತು ನೋಡುತ್ತಿರುತ್ತಾನೆ, ಬಲತುದಿಯಲ್ಲಿ ಬಾಗಿಲು ತೆರೆಯುತ್ತದೆ. ಇಬ್ಬರ ನಡುವಿನ ಖಾಲಿ ಜಾಗದಲ್ಲೇ ದೃಶ್ಯದ ಅರ್ಥವಿರುತ್ತದೆ. ನಿಮ್ಮ ಗೊಂದಲದ ಇನ್ನರ್ಧಕ್ಕೆ ಇದೂ ಕಾರಣವಿರಬಹುದು. ಹೊಸದಾಗಿ ಸಂಸ್ಕರಿಸಿದ ಪ್ರತಿಗಳು ಈಗ ಸಿಗುತ್ತವೆ. ಅಮೆರಿಕದ ಕಿನೋ ಲಾರ್ಬರ್ 2022ರಲ್ಲಿ ಯಾಂಚೊ ಅವರ ಆರು ಚಿತ್ರಗಳ ಬ್ಲೂ-ರೇ ಗುಚ್ಛ ತಂದಿತು, ಇದು ಅದರಲ್ಲಿದೆ. ಮೊಬೈಲಿನಲ್ಲಂತೂ ನೋಡಬೇಡಿ. ದಿಗಂತದ ಮೇಲಿನ ಕುದುರೆ ಸವಾರ ಅಲ್ಲಿ ಒಂದು ಚುಕ್ಕೆಯೂ ಆಗುವುದಿಲ್ಲ.

ಛಾಯಾಗ್ರಾಹಕ ಶೊಮ್ಲೋ ತಮಾಶ್. ಬಯಲಿನ ಬೆಳಕು ನೆತ್ತಿಯ ಮೇಲಿಂದ ಸುರಿಯುತ್ತದೆ, ಸುಣ್ಣ ಬಳಿದ ಗೋಡೆಗಳು ಕಣ್ಣು ಕುಕ್ಕುತ್ತವೆ, ವಿಚಾರಣೆಗಾರರ ನಿಲುವಂಗಿ ಕಪ್ಪು. ಸೆರೆಮನೆ ಎಂದ ಕೂಡಲೇ ಕತ್ತಲೆ, ಕಂಬಿ, ಇಕ್ಕಟ್ಟು ನೆನಪಾಗುತ್ತದಲ್ಲ, ಇಲ್ಲಿ ಅದಕ್ಕೆ ತದ್ವಿರುದ್ಧ. ಮರದ ಹಲಗೆಯ ಕಿರಿದಾದ ಕೋಣೆಗಳು ಇವೆ, ಆದರೆ ಭಯ ಅಲ್ಲಿಲ್ಲ. ಬಾಗಿಲು ತೆರೆದು ‘ನಡಿ’ ಎಂದಾಗ ಅದು ಬರುತ್ತದೆ. ಚಿತ್ರದ ಆರಂಭದಲ್ಲೇ ಒಬ್ಬ ಕೈದಿಗೆ ಹೋಗಬಹುದು ಎನ್ನುತ್ತಾರೆ. ಅವನು ಬಯಲಿನತ್ತ ನಡೆಯುತ್ತ ಚಿಕ್ಕವನಾಗುತ್ತ ಹೋಗುತ್ತಾನೆ, ಗುಂಡಿನ ಸದ್ದು, ಬೀಳುತ್ತಾನೆ. ಅಷ್ಟೇ. ಗೋಡೆ ಇಲ್ಲದ ಕಡೆ ಓಡಲು ದಿಕ್ಕೂ ಇಲ್ಲ, ಅಡಗಲು ಮರೆಯೂ ಇಲ್ಲ ಎಂಬುದನ್ನು ಆ ಒಂದು ದೃಶ್ಯ ಹೇಳಿ ಮುಗಿಸುತ್ತದೆ. ಹಂಗೇರಿಯ ಕಾವ್ಯದಲ್ಲಿ ಪುಸ್ತಾ ಎಂಬ ಈ ಬಯಲು ಸ್ವಾತಂತ್ರ್ಯದ ಸಂಕೇತ. ಶಾಲೆಯಲ್ಲಿ ಆ ಪದ್ಯಗಳನ್ನು ಬಾಯಿಪಾಠ ಮಾಡಿದ್ದ ಪ್ರೇಕ್ಷಕರಿಗೆ ಅದೇ ಬಯಲು ಬಂದೀಖಾನೆಯಾಗಿ ಕಂಡದ್ದು ನಮಗಿಂತ ಹೆಚ್ಚು ಚುಚ್ಚಿರಬೇಕು.

ಉದ್ದುದ್ದ ಶಾಟ್‌ಗಳ ನಿರ್ದೇಶಕ ಎಂದು ಯಾಂಚೊ ಹೆಸರುವಾಸಿ. ಮುಂದೆ ಕೆಲವು ಚಿತ್ರಗಳನ್ನು ಮೂವತ್ತಕ್ಕಿಂತ ಕಡಿಮೆ ಶಾಟ್‌ಗಳಲ್ಲಿ ಮುಗಿಸಿದ್ದೂ ನಿಜ. ಆದರೆ ಅದನ್ನು ಇಲ್ಲಿ ಹುಡುಕಿದರೆ ನಿರಾಶೆಯಾದೀತು. ಇಲ್ಲಿ ಸಂಕಲನ ಇನ್ನೂ ಸಾಕಷ್ಟಿದೆ. ಕ್ಯಾಮೆರಾಗಿಂತ ಹೆಚ್ಚಾಗಿ ಜನರ ನಡಿಗೆಯನ್ನು ನೋಡಿ: ಯಾರು ಯಾರ ಸುತ್ತ ಸುತ್ತುತ್ತಾರೆ, ಯಾರು ನಿಂತೇ ಇರುತ್ತಾರೆ. ವಿಚಾರಣೆಗಾರ ವೃತ್ತ ಹಾಕುತ್ತಾನೆ, ಕೈದಿ ನಟ್ಟನಡುವೆ. ಸಂಕೋಲೆ ಹಾಕಿದವರು ತಲೆಗೆ ಚೀಲ ಹೊತ್ತು ಒಬ್ಬರ ಹಿಂದೊಬ್ಬರು ಅಂಗಳದಲ್ಲಿ ದುಂಡಗೆ ನಡೆಯುವ ದೃಶ್ಯವಿದೆಯಲ್ಲ, ಕೊನೆಯ ಚೀಲಗಳಿಗೆ ಅದೇ ಮುನ್ಸೂಚನೆ. ಕಿವಿಯನ್ನೂ ತೆರೆದಿಡಿ. ಭಾವನೆಗೆ ಒತ್ತು ಕೊಡುವ ಹಿನ್ನೆಲೆ ಸಂಗೀತ ಇಲ್ಲ. ಹಕ್ಕಿಗಳ ಉಲಿ, ಗಾಳಿ, ಗೊರಸಿನ ಸದ್ದು, ತುತ್ತೂರಿ. ಇಷ್ಟು ಬರಡಾದ ಮೌನದಲ್ಲಿ ಒಂದೂವರೆ ಗಂಟೆ ಕುಳಿತವರಿಗೆ ಕೊನೆಯಲ್ಲಿ ಏಳುವ ಹಾಡು ಬಿಡುಗಡೆಯಂತೆಯೇ ಕೇಳುತ್ತದೆ. ಕೈದಿಗಳ ಜೊತೆ ನಿಮ್ಮನ್ನೂ ಅಲ್ಲಿ ಹಿಡಿಯುತ್ತಾರೆ.

ವಿಚಾರಣೆಗಾರರು ಕೂಗಾಡುವುದಿಲ್ಲ ಎಂಬುದೂ ಗಮನಾರ್ಹ. ಆಜ್ಞೆಗಳು ಎರಡು ಮೂರು ಪದಗಳವು: ಬಾ, ನಿಲ್ಲು, ತಿರುಗು. ಕಾರಣ ಹೇಳುವುದಿಲ್ಲ, ಕೇಳಿದರೆ ಉತ್ತರಿಸುವುದಿಲ್ಲ. ಕಾರಣ ಗೊತ್ತಿಲ್ಲದವನು ತಾನೇ ಕಾರಣ ಊಹಿಸಲು ಶುರು ಮಾಡುತ್ತಾನೆ, ಊಹಿಸುತ್ತ ತನ್ನೊಳಗಿನ ಗುಟ್ಟಿನ ಹತ್ತಿರ ಹತ್ತಿರ ಓಡಾಡುತ್ತಾನೆ. ವಿಚಾರಣೆಯ ಕಸುಬಿನಲ್ಲಿ ಇದು ಹಳೆಯ ಪಾಠ. ಯಾಂಚೊ ಓದಿದ್ದು ಕಾನೂನು, 1944ರಲ್ಲಿ ಪದವಿ ಪಡೆದವರು, ಯುದ್ಧದ ಕೊನೆಯಲ್ಲಿ ಸೋವಿಯತ್ ಸೆರೆಯಲ್ಲೂ ಸ್ವಲ್ಪ ಕಾಲ ಇದ್ದವರು. ಆಜ್ಞೆಯ ವ್ಯಾಕರಣ ಅವರಿಗೆ ಪುಸ್ತಕದಿಂದ ಮಾತ್ರ ಗೊತ್ತಿದ್ದದ್ದಲ್ಲ.

ಮೂರನೇ ಸಲ ನೋಡುವಾಗ ಹೀಗೆ ಮಾಡಿ. ಆರಂಭದಲ್ಲಿ ಹಳೆಯ ರೇಖಾಚಿತ್ರಗಳ ಮೇಲೆ ಬರುವ ನಿರೂಪಣೆಯನ್ನು ನಿಲ್ಲಿಸಿ ಓದಿಕೊಳ್ಳಿ, ರಾದಾಯ್ ಯಾರು, ಕಾಲ ಯಾವುದು ಎಂಬುದೆಲ್ಲ ಅಲ್ಲೇ ಇದೆ. ಸಬ್‌ಟೈಟಲ್ ತಡವಾಗಿ ಬಂದು ಬೇಗ ಮಾಯವಾಗುವ ಪ್ರತಿಗಳಲ್ಲಿ ಹೆಚ್ಚಿನವರು ಕಳೆದುಕೊಳ್ಳುವುದು ಇದನ್ನೇ. ಗಾಯ್‌ದಾರ್ ಸಾಯುವಲ್ಲಿಗೆ ಒಂದು ವಿರಾಮ ತೆಗೆದುಕೊಂಡು, ಆ ರಾತ್ರಿ ಯಾವ ಕೋಣೆಗಳ ಬಾಗಿಲು ತೆರೆದಿತ್ತು ಎಂದು ಹಿಂದಕ್ಕೆ ಓಡಿಸಿ ನೋಡಿ. ತೊರ್ಮಾನ ಭಾಗ ಬಂದಾಗ ಕುದುರೆ ಸವಾರಿಯ ಪರೀಕ್ಷೆಯನ್ನು ಅವಸರಪಡದೆ ನೋಡಿ. ಇಡೀ ಚಿತ್ರದಲ್ಲಿ ಕೈದಿಗಳು ಸೊಗಸಾಗಿ, ಮೈ ಬಿಚ್ಚಿ ಚಲಿಸುವುದು ಅಲ್ಲಿ ಮಾತ್ರ. ಬಾಗಿದ ಬೆನ್ನು ನೆಟ್ಟಗಾಗುತ್ತದೆ, ಇಪ್ಪತ್ತು ವರ್ಷದ ಹಿಂದಿನ ಸವಾರ ಮತ್ತೆ ಕಾಣಿಸಿಕೊಳ್ಳುತ್ತಾನೆ. ಮಗ್ಗುಲಲ್ಲಿ ನಿಂತ ಅಧಿಕಾರಿಗಳು ಗುರುತು ಹಾಕಿಕೊಳ್ಳುತ್ತಿರುವುದು ಅದನ್ನೇ.

ಕೊಶುತ್ ಹಾಡಿನ ಅರ್ಥ ಸಬ್‌ಟೈಟಲ್‌ನಲ್ಲಿ ಬರದೇ ಇರಬಹುದು. 1848ರ ಸೇನೆ ಸೇರುವವರ ಜನಪದ ಹಾಡದು: ಕೊಶುತ್ ಲಾಯೋಶ್ ಹೇಳಿ ಕಳಿಸಿದ್ದಾನೆ, ಅವನ ದಂಡು ಕರಗಿಹೋಗಿದೆಯಂತೆ, ಇನ್ನೊಮ್ಮೆ ಹೇಳಿ ಕಳಿಸಿದರೆ ನಾವೆಲ್ಲ ಹೊರಡಲೇಬೇಕು. ಚಕ್ರವರ್ತಿಯ ಅಶ್ವದಳಕ್ಕೆ ಈಗಷ್ಟೇ ಸೇರಿದವರು ಚಕ್ರವರ್ತಿಯ ಅಧಿಕಾರಿಯ ಎದುರು ಅದನ್ನು ಹಾಡುತ್ತಾರೆ. ಅವನು ಹಾಡನ್ನು ತಡೆಯುವುದಿಲ್ಲ.